ಮೂವರು ಕೂಡಿ ತೆರೆಯಬೇಕಾದ ಮಾತು

ಕೆಲಸ ಬಿಟ್ಟು ಎಂಟು ತಿಂಗಳಾಯಿತು. ನನಗೀಗ ಮೂವತ್ತಮೂರು. ಈ ವಯಸ್ಸಿನಲ್ಲಿ ನಿವೃತ್ತಿ ಎಂದರೆ ಜನ ನಗುತ್ತಾರೆ. ಆದರೆ ಆ ಕೆಲಸಕ್ಕೆ ಮರಳಿ ಹೋಗುವುದಿಲ್ಲ ಎಂದು ನನಗೆ ಗೊತ್ತಿದೆ, ಆದ್ದರಿಂದ ಬೇರೆ ಶಬ್ದ ಹುಡುಕಿಲ್ಲ.

ಕಳೆದ ವಾರ ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಬೈಲಹೊಂಗಲದ ನಮ್ಮ ಮನೆಗೆ ಬಂದರು. "ಅಕ್ಕಾರ, ಆ ಚೀಟಿ ಕೆಲಸ ಹೆಂಗ ಮಾಡತಿದ್ರಿ? ಒಂದೀಟ ಬರದ ಕೊಡ್ರಿ" ಎಂದರು. ನಿಯಮಗಳ ಪುಸ್ತಕ ಅವರ ಕೈಯಲ್ಲೇ ಇತ್ತು. ಅದನ್ನು ಬರೆದವಳು ನಾನೇ ಎಂಬುದು ಅವರಿಗೆ ಗೊತ್ತಿರಲಿಲ್ಲ.

ನನ್ನ ಹತ್ತಿರ ಏಳು ಡೈರಿಗಳಿವೆ, ವರ್ಷಕ್ಕೊಂದು. ಎಷ್ಟು ಹೆಣ್ಣುಮಕ್ಕಳು ಬಂದರು, ಎಷ್ಟು ಹೊತ್ತು ಕೂತರು, ಯಾವ ಬಸ್ಸು ತಡವಾಯಿತು, ಯಾರು ಊಟ ಮಾಡದೆ ಹೋದರು, ಎಲ್ಲ ಅದರಲ್ಲಿದೆ. ಸಂಬಳ ಹೆಚ್ಚಾದ ದಿನ, ಹುದ್ದೆ ಬದಲಾದ ದಿನವೂ ಇವೆ, ಆದರೆ ಅವುಗಳಿಂದ ಯಾರೂ ಕಲಿಯುವಂಥದ್ದೇನಿಲ್ಲ. ಉಳಿದದ್ದನ್ನು ಬರೆಯುತ್ತೇನೆ.

ನಮ್ಮದು ಮನೆಯಲ್ಲಿ ಕಷ್ಟಕ್ಕೆ ಸಿಕ್ಕ ಹೆಂಗಸರ ಮಾತು ಕೇಳಿ, ಬೇಕೆಂದಾಗ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಸಣ್ಣ ಸಂಸ್ಥೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಹೀಗೆ ನಾಲ್ಕು ಕಡೆ ಒಂದೊಂದು ಕಚೇರಿ. ಬಂದವರ ಹೇಳಿಕೆಗಳನ್ನು ಕಾಯುವುದು ಬೈಲಹೊಂಗಲದಲ್ಲಿದ್ದ ನನ್ನ ಕೆಲಸ. ಮೊದಲೆರಡು ವರ್ಷ ಹೇಳಿಕೆ ಎಂದರೆ ರಿಜಿಸ್ಟರ್. ನಾನೇ ಕೇಳಿ, ನಾನೇ ಬರೆದು, ಹೆಬ್ಬೆರಳು ಒತ್ತಿಸಿ, ಕಪಾಟಿನಲ್ಲಿಟ್ಟು ಕೀಲಿಯನ್ನು ಕಿಟಕಿಯ ಮೇಲಿನ ಸಂದಿಯಲ್ಲಿ ಇಡುತ್ತಿದ್ದೆ. ಅಲ್ಲಿಡುವುದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರಲಿ ಎಂದೇ ಅಲ್ಲಿಡುತ್ತಿದ್ದೆ, ನಾನು ರಜೆ ಹಾಕಿದ ದಿನ ಕೆಲಸ ನಿಲ್ಲಬಾರದೆಂದು.

ಎರಡನೆಯ ವರ್ಷದ ಡೈರಿಯಲ್ಲಿ ಆಗಸ್ಟ್ ತಿಂಗಳ ಒಂದು ಗುರುವಾರ ಕೆಂಪು ಶಾಯಿಯಲ್ಲಿದೆ. ಅಂದು ಸಂಪಗಾಂವದ ಒಬ್ಬ ಸೊಸೆ ಬಾಗಿಲಲ್ಲೇ ನಿಂತು ಹೇಳಿದಳು: "ನಾ ನಿಮ್ಮ ಮುಂದ ಹೇಳಿದ್ದು ನಮ್ಮ ಮೈದುನಗ ಸಾಲು ಸಾಲು ಬಾಯಿಪಾಠ ಐತ್ರಿ. ಚಾ ಅಂಗಡ್ಯಾಗ ಕುಂತು ಹೇಳ್ಯಾನ." ಒಳಗೆ ಬನ್ನಿ ಎಂದೆ. "ಇನ್ನ ಒಳಗ ಬಂದ ಏನ ಮಾಡ್ಲಿ?" ಎಂದು ಹೋದಳು. ಮತ್ತೆ ಬರಲಿಲ್ಲ. ರಿಜಿಸ್ಟರ್ ತೆರೆದವರು ಯಾರೆಂದು ಇವತ್ತಿನವರೆಗೂ ತಿಳಿದಿಲ್ಲ. ಕೀಲಿ ಗೊತ್ತಿದ್ದವರನ್ನು ಪಟ್ಟಿ ಮಾಡಿದ್ದೆ. ಹದಿಮೂರು ಜನ.

ಕಿತ್ತೂರಿನ ಇಂದುಮತಿ ಮೇಡಂ ನಮ್ಮೆಲ್ಲರ ಮುಖ್ಯಸ್ಥೆ. ಗಟ್ಟಿಯಾಗಿ ಬೈದವರಲ್ಲ. ಆ ಪಟ್ಟಿ ನೋಡಿ, "ಸುನಂದಾ, ಹದಿಮೂರು ಮಂದಿಗೆ ಗೊತ್ತಿದ್ದ ಮ್ಯಾಲ ಅದಕ್ಕ ಕೀಲಿ ಯಾಕ ಅನಬೇಕು?" ಎಂದರು ಅಷ್ಟೇ. ಬೈದಿದ್ದರೆ ಮರೆಯಬಹುದಿತ್ತು.

ಮೂರನೆಯ ವರ್ಷದ ಜೂನ್‌ನಲ್ಲಿ ಹೇಳಿಕೆಗಳನ್ನು ಕಂಪ್ಯೂಟರಿನಲ್ಲಿ ಬೀಗ ಹಾಕಿಡಲು ಅವರು ಧಾರವಾಡದಿಂದ ಒಬ್ಬ ಎಂಜಿನಿಯರನನ್ನು ಕರೆಸಿದರು. ನಾಲ್ಕೂ ಕಡೆಯ ಮುಖ್ಯರು ಬೈಲಹೊಂಗಲದಲ್ಲಿ ಕೂತೆವು: ಮೇಡಂ, ನಾನು, ಸವದತ್ತಿಯ ನೀಲಕ್ಕ, ರಾಮದುರ್ಗದ ಶಿವಪ್ಪ ಮಾಸ್ತರರು. ನೀಲಕ್ಕ ಮೊದಲು ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕುತ್ತಿದ್ದವರು, ಯಾರ ಮನೆಯ ಒಳಗೂ ಹೋಗಬಲ್ಲವರು. ಮಾಸ್ತರರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು.

ಎಂಜಿನಿಯರ್ ಹೇಳಿದ್ದು ಹೀಗೆ: "ಇದು ಅಂಚೆ ಡಬ್ಬಿ ಇದ್ದಂಗ್ರಿ. ಒಳಗ ಹಾಕಾಕ ಕೀಲಿ ಬ್ಯಾಡ, ತಗ್ಯಾಕ ಬೇಕು. ಆ ತಗಿಯೋ ಕೀಲೀನ ನಾಲ್ಕು ಮಂದಿಗೆ ಹಂಚತೇನಿ. ನಾಲ್ಕರಾಗ ಯಾರರ ಮೂರು ಮಂದಿ ಕೂಡಿದ್ರ ತಗೀತೈತಿ."

"ಇಬ್ಬರ ಕೂಡಿದ್ರ?" ಎಂದರು ನೀಲಕ್ಕ.

"ಇಲ್ರಿ."

"ಅರ್ಧಾ ಮಾತರ ಕೇಳತೈತಿಲ್ಲೋ? ಮೂರರಾಗ ಎರಡು ನಮ್ಮ ಕೈಯಾಗ ಇರತಾವಲ್ಲ?"

"ಒಂದ ಅಕ್ಷರಾನೂ ಕೇಳೂದಿಲ್ಲ ಅಕ್ಕಾರ."

ಅವನು ಹಲಗೆಯ ಮೇಲೆ ಎರಡು ಚುಕ್ಕೆ ಇಟ್ಟ. ಎರಡನ್ನೂ ಮುಟ್ಟಿಕೊಂಡು ಹೋಗುವ ಬಾಗಿದ ಗೆರೆಗಳನ್ನು ಒಂದಾದ ಮೇಲೊಂದು ಎಳೆಯುತ್ತಾ ಹೋದ. ಒಂದೊಂದು ಗೆರೆ ಹಲಗೆಯ ಎಡ ಅಂಚಿಗೆ ಒಂದೊಂದು ಕಡೆ ಮುಟ್ಟಿತು. ಆಮೇಲೆ ಮೂರನೆಯ ಚುಕ್ಕೆ ಇಟ್ಟ. ಈಗ ಆ ಥರದ ಒಂದೇ ಗೆರೆ ಮೂರನ್ನೂ ಮುಟ್ಟಬಲ್ಲದಾಗಿತ್ತು. "ಅದು ಅಂಚಿಗೆ ಎಲ್ಲಿ ಮುಟ್ಟತೈತಿ, ಅದ ಕೀಲಿ. ನಿಮ್ಮ ಚೀಟಿ ಅಂದ್ರ ಒಂದೊಂದ ಚುಕ್ಕಿ."

ಮಾಸ್ತರರ ಮುಖ ಅರಳಿತು. "ಇದನ್ನ ಮೂವತ್ತ ವರ್ಷ ಕಲಿಸೇನಿ. ಇದರಿಂದ ಏನ ಉಪಯೋಗ ಅಂತ ಹುಡುಗೂರು ಕೇಳಿದ್ರ ಬಾಯಿ ಮುಚ್ಚ ಅಂತಿದ್ದೆ. ಒಬ್ಬೊಬ್ಬರನ್ನ ಹುಡಿಕ್ಯಾಡಿ ಹೇಳಬೇಕೀಗ."

ನಮಗೆ ಒಂದೊಂದು ಚೀಟಿ ಸಿಕ್ಕಿತು. ಪ್ಲಾಸ್ಟಿಕ್ ಹೊದಿಸಿದ, ಅಂಗೈಯಷ್ಟು ದೊಡ್ಡ ಕಾಗದ, ಅದರ ಮೇಲೆ ನಾಲ್ಕು ಸಾಲು ಅಂಕಿಗಳು. ನಿಯಮಗಳು ನಾಲ್ಕು. ಒಬ್ಬರ ಕೈಯಲ್ಲಿ ಒಂದೇ ಚೀಟಿ. ಚೀಟಿಗೆ ನಕಲು ಬೇಡ, ಫೋಟೋ ಬೇಡ, ಡೈರಿಯಲ್ಲಿ ಬರೆಯುವುದೂ ಬೇಡ. (ಇದನ್ನು ಹೇಳುವಾಗ ಮೇಡಂ ನನ್ನ ಕಡೆ ನೋಡಿದರು.) ತೆರೆಯುವಾಗ ಮೂವರೂ ಖುದ್ದಾಗಿ ಬರಬೇಕು. ಪ್ರತಿ ಜೂನ್‌ನಲ್ಲಿ ಎಲ್ಲರ ಚೀಟಿ ಪರೀಕ್ಷಿಸಿ, ಹಳೆಯ ಮೂರನ್ನು ಕೂಡಿಸಿ ಹೊಸ ನಾಲ್ಕು ಹಂಚಿಕೊಳ್ಳಬೇಕು.

ಹೇಳಿಕೆ ಕೊಡುವ ರೀತಿಯೂ ಬದಲಾಯಿತು. ಬಂದವಳು ಕಂಪ್ಯೂಟರ್ ಇದ್ದ ಒಳಕೋಣೆಯಲ್ಲಿ ಒಬ್ಬಳೇ ಕೂರುತ್ತಾಳೆ. ನಾನು ಧ್ವನಿಮುದ್ರಣ ಶುರು ಮಾಡಿಕೊಟ್ಟು, ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿ, ಹೊರಗಿನ ಕಟ್ಟೆಯ ತನಕ ಹೋಗಬೇಕು. ಹದಿನೇಳು ಹೆಜ್ಜೆ. ಮಾತು ಮುಗಿದ ಮೇಲೆ ಅವಳೇ ಕೆಂಪು ಗುಂಡಿ ಒತ್ತುತ್ತಾಳೆ, ಆ ಕ್ಷಣವೇ ಬೀಗ ಬೀಳುತ್ತದೆ. ನನಗೆ ಪರದೆಯ ಮೇಲೆ ಕಾಣುವುದು ಹೆಸರು, ದಿನಾಂಕ, ಎಷ್ಟು ನಿಮಿಷ, ಇಷ್ಟೇ. ಅದನ್ನು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಮೊದಲು ಗೋಡೆಗೆ ಮಾತಾಡಿದಂತಾಗುತ್ತದೆ ಎಂದು ಹೆಂಗಸರು ನಾಚುತ್ತಿದ್ದರು. ಆಮೇಲೆ, ಯಾರೂ ಕೇಳುತ್ತಿಲ್ಲ ಎಂಬ ಕಾರಣಕ್ಕೇ ಬರತೊಡಗಿದರು. ರಿಜಿಸ್ಟರಿನ ಎರಡು ವರ್ಷಗಳಲ್ಲಿ ಬಂದದ್ದು ಹತ್ತೊಂಬತ್ತು ಮಂದಿ. ಬೀಗ ಬಂದ ಮೊದಲ ವರ್ಷವೇ ಹದಿನಾರು.

ಮೊದಲ ಸಲ ಬೀಗ ತೆರೆದದ್ದು ಕಿತ್ತೂರಿನ ಒಬ್ಬ ಸೊಸೆಗಾಗಿ. ಅತ್ತೆಯ ಎದುರಿಗೆ ತನ್ನ ಹೇಳಿಕೆ ಕೇಳಿಸಬೇಕೆಂದು ಕೇಳಿಕೊಂಡಿದ್ದಳು. ರಾಮದುರ್ಗದ ಬಸ್ಸು ಕೆಟ್ಟು ನಿಂತು, ಮಾಸ್ತರರು ಬಂದಾಗ ಮಧ್ಯಾಹ್ನ ಎರಡು ಹೊಡೆದಿತ್ತು. ಒಬ್ಬರು ಅಂಕಿ ಒತ್ತುವಾಗ ಉಳಿದವರು ಗೋಡೆ ನೋಡುತ್ತಾ ನಿಲ್ಲಬೇಕು. ಚಾಳೀಸಿನ ಕನ್ನಡಕ ಹಾಕಿಕೊಳ್ಳುವುದು ಮಾಸ್ತರರಿಗೆ ಅವಮಾನ. ಐದು ಸಲ ತಪ್ಪು ಒತ್ತಿದರು, ಯಂತ್ರ ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂತಿತು. ಆ ಸೊಸೆ ಕಾಯ್ದು ಕಾಯ್ದು ಹೇಳಿದಳು: "ನಂದ ಮಾತು ನಾ ಕೇಳಾಕ ಮೂರು ಊರಿಂದ ಮಂದಿ ಬರಬೇಕಾತಲ್ರಿ! ನನ್ನ ಲಗ್ನಕ್ಕೂ ಇಷ್ಟ ದೂರದಿಂದ ಯಾರೂ ಬಂದಿರಲಿಲ್ಲ."

ಅತ್ತೆ ಇಡೀ ಹೇಳಿಕೆಯನ್ನು ಸೆರಗು ಕಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ, "ಇದನ್ನ ಮನ್ಯಾಗ ಹೇಳಬಾರದಾಗಿತ್ತೇನ?" ಎಂದಳು.

"ಹೇಳಿದ್ನಲ್ಲ ಅತ್ತಿ. ನೀವು ಭಾಂಡಿ ತಿಕ್ಕಾಕ ಹತ್ತಿದ್ರಿ."

ಅವರಿಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಆ ದಿನ ನಾನು ಡೈರಿಯಲ್ಲಿ ಬರೆದದ್ದು: ಏಳೂವರೆ ತಾಸು, ಮೂರು ಚೀಟಿ, ಒಂದು ಹೇಳಿಕೆ. ಇದನ್ನು ಇನ್ನೂ ಸುಲಭ ಮಾಡಬೇಕು.

ಆ ಕೊನೆಯ ವಾಕ್ಯವನ್ನು ಹೊಸಬರು ಗಮನಿಸಬೇಕು.

ನಾಲ್ಕನೆಯ ವರ್ಷದ ಜೂನ್‌ನಲ್ಲಿ ನಿಯಮದಂತೆ ಚೀಟಿ ಬದಲಿಸಿಕೊಂಡೆವು. ಅದೇ ನವೆಂಬರ್‌ನಲ್ಲಿ ನೀಲಕ್ಕ ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಹುಬ್ಬಳ್ಳಿಗೆ ಹೊರಟರು. ನಮ್ಮ ಕಡೆ ಊರಿಗೆ ಹೋಗುವವರು ಮನೆಯ ಕೀಲಿಯನ್ನು ಜೊತೆಗೆ ಒಯ್ಯುವುದಿಲ್ಲ, ನೆರೆಮನೆಯಲ್ಲಿ ಕೊಟ್ಟು ಹೋಗುತ್ತಾರೆ. ಕೊಡದೆ ಹೋದರೆ ನೆರೆಯವರ ಮೇಲೆ ವಿಶ್ವಾಸವಿಲ್ಲ ಎಂದಂತೆ, ಬಂದ ಮೇಲೆ ಆರು ತಿಂಗಳು ಮಾತು ಬಿಡುತ್ತಾರೆ. ನೀಲಕ್ಕ ಚೀಟಿಯನ್ನೂ ಹಾಗೆಯೇ ಮಾಡಿದರು. ಸವದತ್ತಿಗೆ ನಮ್ಮಲ್ಲಿ ಹತ್ತಿರದವರೆಂದರೆ ರಾಮದುರ್ಗದ ಮಾಸ್ತರರು. ಅವರ ಮನೆಗೆ ಹೋಗಿ ಚಹಾ ಕುಡಿದು, ಚೀಟಿ ಕೊಟ್ಟು, ನನಗೆ ಫೋನ್ ಮಾಡಿದರು.

"ಸುನಂದಾ, ನಂದು ಮಾಸ್ತರ್ರ ಕಡೆ ಇಟ್ಟೇನಿ ನೋಡವ್ವಾ. ಬಾಣಂತಿ ಮನ್ಯಾಗ ಮಂದಿ ಬರೂದು ಹೋಗೂದು, ಎಲ್ಲೆರ ಕಳೀತಂದ್ರ?"

ನಿಯಮ ನನಗೆ ನೆನಪಿತ್ತು. ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. "ಛಲೋ ಆತು ಬಿಡ್ರಿ" ಎಂದೆ. ಡೈರಿಯಲ್ಲಿ ಹೀಗಿದೆ: ನೀಲಕ್ಕನ ಚೀಟಿ ರಾಮದುರ್ಗಕ್ಕೆ. ಅದರ ಮುಂದೆ ಒಂದು ಸರಿ ಗುರುತು.

ಬಾಣಂತನ ಮುಗಿಯಿತು, ನೀಲಕ್ಕ ಬಂದರು, ಚೀಟಿ ಮರಳಿ ಬರಲಿಲ್ಲ. "ಇರ್ಲಿ ಬಿಡ್ರಿ ಅಲ್ಲೇ, ಮಾಸ್ತರ್ರು ನನಗಿಂತ ಹುಷಾರ" ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಬೇಕಿತ್ತು. ಮಾಸ್ತರರು ಎರಡು ಚೀಟಿ ತಂದರೆ, ನನ್ನದೊಂದು ಸೇರಿ ಮೂರಾಗುತ್ತಿತ್ತು. ಒಂದು ಬಸ್ಸು ಬಂದರೆ ಸಾಕು. ಹಾಗೆ ಆರು ಹೇಳಿಕೆ ತೆರೆದೆವು, ಒಂದೂ ಅರ್ಧ ದಿನಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಮೂವರು ಕೂಡಬೇಕಾದಲ್ಲಿ ಇಬ್ಬರೇ ಕೂಡುತ್ತಿದ್ದೆವು ಎಂಬುದು ಮೇಡಂಗೂ ಗೊತ್ತಿತ್ತು. ಒಮ್ಮೆ ಕೇಳಿದರು, ಬದಲಿಸುವಾಗ ಸರಿ ಮಾಡಿಕೊಳ್ಳೋಣ ಎಂದೆ. ಐದನೆಯ ವರ್ಷದ ಜೂನ್‌ನಲ್ಲಿ ಬದಲಿಸಬೇಕಿತ್ತು. ಒಬ್ಬರಿಗೆ ಆದರೆ ಇನ್ನೊಬ್ಬರಿಗೆ ಆಗಲಿಲ್ಲ. "ಚೀಟಿ ಬದಲು, ಮುಂದಿನ ತಿಂಗಳು" ಎಂದು ಆ ಡೈರಿಯಲ್ಲಿ ಐದು ಸಲ ಬರೆದಿದ್ದೇನೆ.

ಇದರಿಂದ ಯಾರ ಮಾತೂ ಹೊರಗೆ ಹೋಗಲಿಲ್ಲ. ಮಾಸ್ತರರಂಥ ನಿಯತ್ತಿನ ಮನುಷ್ಯರನ್ನು ನಾನು ನೋಡಿಲ್ಲ. ಎರಡು ಚೀಟಿ ಕೈಗೆ ಬಂದ ಮೇಲಂತೂ ತಿಂಗಳಿಗೊಮ್ಮೆ ಇಡುವ ಜಾಗ ಬದಲಿಸುತ್ತಿದ್ದರು. "ನಮ್ಮ ಮನಿಯಾಕಿಗೂ ಗೊತ್ತಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಮಾದೇವಿ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಒಂದು ಸೋಮವಾರ. ಸಿರಸಂಗಿಯ ಗಂಡನ ಮನೆ ಬಿಟ್ಟು ಮಗಳನ್ನು ಕರೆದುಕೊಂಡು ದೊಡವಾಡದಲ್ಲಿ ಅಕ್ಕ ಗಂಗವ್ವನ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು. ಯಾಕೆ ಬಿಟ್ಟಳೆಂದು ಅಕ್ಕನಿಗೂ ಹೇಳಿರಲಿಲ್ಲ. ಈಗ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಮುಖ ಊದಿತ್ತು. ಬಸ್‌ಸ್ಟ್ಯಾಂಡಿನಿಂದ ನಮ್ಮ ಕಚೇರಿಗೆ ಬರುವುದರಲ್ಲಿ ಮೂರು ಕಡೆ ಕೂತು ಬಂದಳಂತೆ.

ಶುರು ಮಾಡಿಕೊಟ್ಟು ಹೊರಗೆ ಹೋದೆ. ಬಾಗಿಲು ತೆರೆದುಕೊಂಡಾಗ ಮಾದೇವಿ ಹೊಸ್ತಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು.

"ಇದನ್ನ ನಾ ಸತ್ತ ಮ್ಯಾಲ ತಗೀರಿ ಬಾಯಾರ. ನನ್ನ ಮಗಳ ಸಂಬಂಧ ಐತಿ. ಯಾರ ಕಡೆ ಇರಬೇಕು, ಯಾಕ ಇರಬೇಕು, ಎಲ್ಲಾ ಹೇಳೇನಿ."

"ಒಂದು ಮಾತು ನನ್ನ ಮುಂದನೂ ಹೇಳಿ ಇಡ್ರಲ್ಲ" ಎನ್ನಬಹುದಿತ್ತು. ಎನ್ನಲಿಲ್ಲ. ಕೇಳದಿರುವುದೇ ನಮ್ಮ ಕೆಲಸವಾಗಿತ್ತು. ನೀರು ಕೊಟ್ಟೆ, ದೊಡವಾಡದ ಬಸ್ಸಿಗೆ ಹತ್ತಿಸಿದೆ. ಪರದೆಯ ಮೇಲೆ ಕಂಡದ್ದನ್ನು ಬರೆದುಕೊಂಡೆ: ಹನ್ನೊಂದು ನಿಮಿಷ ನಲವತ್ತು ಸೆಕೆಂಡು.

ಜನವರಿಯಲ್ಲಿ ಮಾಸ್ತರರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನಾವು ಹಣ್ಣು ತೆಗೆದುಕೊಂಡು ಹೋಗಿ ನೋಡಿಬಂದೆವು. ಚೀಟಿಯ ಮಾತು ಆಗ ಎತ್ತುವುದು ಚೆನ್ನಾಗಿರುವುದಿಲ್ಲ ಎಂದು ನಾನೂ ನೀಲಕ್ಕನೂ ಬಸ್ಸಿನಲ್ಲೇ ಮಾತಾಡಿಕೊಂಡಿದ್ದೆವು. ಫೆಬ್ರವರಿ ಕೊನೆಯಲ್ಲಿ ಮಾದೇವಿ ತೀರಿಕೊಂಡಳು.

ಸೂತಕದ ದಿವಸಗಳು ಮುಗಿದ ಮೇಲೆ ಅವಳ ಗಂಡ ಈರಪ್ಪ ಮಗಳನ್ನು ಕರೆದೊಯ್ಯಲು ದೊಡವಾಡಕ್ಕೆ ಬಂದ. ಹುಡುಗಿಗೆ ಹತ್ತು ವರ್ಷ, ಹೆಸರು ಸಂಗೀತಾ. ಗಂಗವ್ವ ಬಿಡಲಿಲ್ಲ. ಜಗಳವಾಗಿ, ತಂಗಿ ನಮ್ಮಲ್ಲಿ ಹೇಳಿಕೆ ಇಟ್ಟಿದ್ದಾಳೆ ಎಂದು ಗಂಗವ್ವ ಹೇಳಿದ್ದಕ್ಕೆ ಇಬ್ಬರೂ ನಮ್ಮ ಕಚೇರಿಗೆ ಬಂದರು. ಈರಪ್ಪ ದೊಡ್ಡ ದನಿಯ ಮನುಷ್ಯನಲ್ಲ. ಕೈ ಕಟ್ಟಿಕೊಂಡು ನಿಂತೇ ಮಾತಾಡಿದ.

"ನಾ ಕೂಸಿನ ಅಪ್ಪ ಅದೀನ್ರಿ. ಕೋರ್ಟಿಗಿ ಹೋದ್ರೂ ನನಗ ಕೊಡತಾರ. ಆದ್ರ ಆಕಿ ಏನರ ಹೇಳ್ಯಾಳಂದ್ರ ಕೇಳಸ್ರಿ. ಕೂಸು ಅಕ್ಕನ ಕಡೆ ಇರ್ಲಿ ಅಂತ ಆಕಿ ಬಾಯಿಲೆ ಅಂದಿದ್ರ, ನಾ ಸುಮ್ಮ ಎದ್ದ ಹೋಗತೇನಿ. ನಮ್ಮವ್ವನ ಆಣಿ."

"ಇಷ್ಟ ಮಂದಿ ಮುಂದ ಅಂದಿ ಮತ್ತ. ನೆಪ್ಪಿರ್ಲಿ" ಎಂದಳು ಗಂಗವ್ವ.

ಏಪ್ರಿಲ್ ಎಂಟಕ್ಕೆ ಬೈಠಕ್ ಎಂದು ಗೊತ್ತುಮಾಡಿದೆವು. ಹದಿನಾರು ದಿನ ಇದ್ದವು. ನನ್ನ ಚೀಟಿ ಇತ್ತು, ಮೇಡಂ ಅವರದಿತ್ತು. ಉಳಿದೆರಡೂ ರಾಮದುರ್ಗದಲ್ಲಿ.

ನಾನೂ ನೀಲಕ್ಕನೂ ಮಾಸ್ತರರ ಮನೆಗೆ ಹೋದೆವು. ಅವರನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ನಮ್ಮನ್ನು ಗುರುತಿಸಿದರು. ಚೀಟಿ ಎಂದ ಕೂಡಲೇ ಕಣ್ಣು ಅಗಲವಾದವು. ಅವರ ಹೆಂಡತಿ ಅನ್ನಪೂರ್ಣಾಬಾಯಿ ಮೊದಲೇ ಎಚ್ಚರಿಸಿದ್ದರು: "ಒಂದ ಮಾತು ಉಳದೈತಿ ನೋಡ್ರಿ. ಏನ ಕೇಳಿದ್ರೂ ಅದ."

"ಮಾಸ್ತರ್ರ, ಕಪಾಟಿನ್ಯಾಗ ಇಟ್ಟೀರೇನು?" ಎಂದೆ.

"ಹೌದ."

"ಟ್ರಂಕಿನ್ಯಾಗ?"

"ಹೌದ."

"ದೇವರ ಮನ್ಯಾಗ?"

"ಹೌದ" ಎಂದರು, ತಲೆಯನ್ನು ಬೇಡ ಬೇಡ ಎಂಬಂತೆ ಆಡಿಸುತ್ತಾ. ತಲೆಯನ್ನು ನಂಬೋಣ ಎಂದರೆ ಅದೂ ಪ್ರತಿ ಸಲ ಹಾಗೆಯೇ ಆಡುತ್ತಿತ್ತು. ಎಡಗೈಗೆ ಸೀಸಪೆನ್ಸಿಲ್ ಕೊಟ್ಟೆವು. ಕಾಗದದ ಮೇಲೆ ಒಂದು ಬಾಗಿದ ಗೆರೆ ಎಳೆದರು. ಅದರ ಮೇಲೆಯೇ ಇನ್ನೊಂದು, ಮತ್ತೊಂದು. ಕೊನೆಗೆ ಪೆನ್ಸಿಲನ್ನು ಗೋಡೆಗೆ ಎಸೆದು ಅತ್ತರು.

ಎರಡು ದಿನ ಹುಡುಕಿದೆವು. ಇಪ್ಪತ್ತಮೂರು ಜಾಗ, ಪಟ್ಟಿ ಡೈರಿಯಲ್ಲಿದೆ. ಜೋಳದ ಡಬ್ಬಿ, ಗಡಿಯಾರದ ಹಿಂದುಗಡೆ, ಹಳೆಯ ಉತ್ತರ ಪತ್ರಿಕೆಗಳ ಕಟ್ಟು, ಗಾದಿಯ ಹೊಲಿಗೆ, ಲೆಕ್ಕದ ಪುಸ್ತಕಗಳ ರಟ್ಟಿನ ಒಳಗೆ. ಅನ್ನಪೂರ್ಣಾಬಾಯಿ ತಮ್ಮ ಮದುವೆಯ ಸೀರೆಯ ಮಡಿಕೆಗಳನ್ನೂ ಬಿಚ್ಚಿ ಝಾಡಿಸಿದರು. "ನಲವತ್ತ ವರ್ಷ ಇವರು ಇಟ್ಟದ್ದನ್ನ ನಾನ ಹುಡುಕಿ ಕೊಟ್ಟೇನಿ. ಇದೊಂದ ನನಗ ಹೇಳಬಾರದು ಅಂತ ನೀವ ಹೇಳಿದ್ರಂತ" ಎಂದರು. ಹೌದು, ನಾವೇ ಹೇಳಿದ್ದು.

ಎರಡನೆಯ ದಿನ ಸಂಜೆ ಹೊರಡುವಾಗ ನೀಲಕ್ಕ ಮಂಚದ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಮಾಸ್ತರ್ರ, ಇದು ನಂದ ತಪ್ಪು, ಹೌದಲ್ರಿ?" ಎಂದರು.

"ಹೌದ" ಎಂದರು ಮಾಸ್ತರರು, ಮತ್ತೆ ಆ ತಲೆ.



ಧಾರವಾಡದ ಎಂಜಿನಿಯರಿಗೆ ಫೋನ್ ಮಾಡಿದೆ. ಎರಡು ಚೀಟಿಯಿಂದ ಏನಾದರೂ ಸಾಧ್ಯವೇ, ಎಷ್ಟು ದಿನ ಹಿಡಿದರೂ ಸರಿ ಎಂದೆ. "ಒಂದ ಅಕ್ಷರಾನೂ ಬರೂದಿಲ್ಲ ಅಂತ ಅವತ್ತ ಹೇಳಿದ್ನಲ್ಲ ಅಕ್ಕಾರ. ಬರಬಾರದು ಅಂತನ ಇದನ್ನ ಮಾಡಿದ್ದು. ನೀಲಕ್ಕನ ಚೀಟಿ ನೀಲಕ್ಕನ ಕಡೆನ ಇದ್ದಿದ್ರ ಸಾಕಾಗಿತ್ತು." ಒಬ್ಬರ ಚೀಟಿ ಕಳೆದರೂ ಕೆಲಸ ನಡೆಯಲಿ ಎಂದೇ ಅವನು ನಾಲ್ಕು ಮಾಡಿದ್ದ. ನಕಲು ಬೇಡ ಎಂಬ ನಿಯಮವನ್ನು ನಾವು ಕೊನೆಯ ತನಕ ಪಾಲಿಸಿದೆವು, ಒಬ್ಬರ ಕೈಯಲ್ಲಿ ಒಂದೇ ಎಂಬುದನ್ನು ಮುರಿದೆವು. ಎರಡನ್ನೂ ಮುರಿದಿದ್ದರೆ ಬದುಕುತ್ತಿದ್ದೆವು, ಎರಡನ್ನೂ ಪಾಲಿಸಿದ್ದರೂ ಬದುಕುತ್ತಿದ್ದೆವು.

ಏಪ್ರಿಲ್ ಏಳರಂದು ಮೇಡಂ, ನೀಲಕ್ಕ, ನಾನು ಕಚೇರಿಯಲ್ಲಿ ಕೂತೆವು. ನೀಲಕ್ಕ ಬಾಗಿಲು ಹಾಕಿ ಬಂದರು.

"ಸುನಂದಾ, ನೀ ಅವತ್ತ ಕಟ್ಟಿ ಮ್ಯಾಲ ಇದ್ದಿ. ಬಾಗಲಾ ಮುಂದ ಮಾಡಿತ್ತು ಅಷ್ಟ, ಚಿಲಕಾ ಹಾಕಿದ್ದಿಲ್ಲ. ಕೂಸು ಅಕ್ಕನ ಕಡೆ ಇರ್ಲಿ ಅಂದಿದ್ದು ಕಿವಿಗೆ ಬಿತ್ತು ಅಂತ ಹೇಳು. ಈರಪ್ಪ ಆಣಿ ಮಾಡ್ಯಾನ, ಎದ್ದ ಹೋಗತಾನ."

"ಆಕಿ ಹಂಗ ಅಂದಿದ್ಲು ಅಂತ ನಿಮಗ ಗೊತ್ತೈತೇನ್ರಿ?"

"ಗಂಡನ ಮನಿ ಬಿಟ್ಟ ಬಂದಾಕಿ ಮತ್ತೇನ ಅಂದಾಳು?"

"ಹನ್ನೊಂದು ನಿಮಿಷ ಮಾತಾಡ್ಯಾಳ ಅಕ್ಕಾರ. ಅಷ್ಟ ಹೇಳಾಕ ಹನ್ನೊಂದು ನಿಮಿಷ ಬ್ಯಾಡ."

ಮೇಡಂ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. "ನಾ ಹೇಳು ಅನ್ನೂದಿಲ್ಲ, ಬ್ಯಾಡ ಅನ್ನೂದೂ ಇಲ್ಲ. ನೀ ಹೇಳಿದ್ರ ನಾ ಸುಮ್ಮನಿರತೇನಿ" ಎಂದರು. ಆ ಹೊತ್ತು ಅವರು ನನಗೆ ಹುಕುಂ ಮಾಡಿದ್ದರೆ ಚೆನ್ನಾಗಿತ್ತು.

ನಾನು ಒಪ್ಪಲಿಲ್ಲ. ಆಗ ಕೊಟ್ಟ ಕಾರಣ ಹೀಗಿತ್ತು: ನಾನು ಹೊರಗಿನಿಂದ ಕೇಳಿಸಿಕೊಂಡೆ ಎಂದು ಒಮ್ಮೆ ಹೇಳಿದರೆ, ಯಾರೂ ಕೇಳುವುದಿಲ್ಲ ಎಂದು ನಂಬಿ ಒಳಗೆ ಕೂತು ಮಾತಾಡಿದ ಅಷ್ಟೂ ಹೆಂಗಸರಿಗೆ ಆ ಮಾತು ಮುಟ್ಟುತ್ತದೆ. ಆ ಕಾರಣ ಸುಳ್ಳಲ್ಲ. ಆದರೆ ನನಗೆ ಹೆದರಿಕೆಯೂ ಆಗಿತ್ತು. ಮುಂದೆ ಎಂದಾದರೂ ಚೀಟಿ ಸಿಕ್ಕು, ಬೀಗ ತೆರೆದು, ಅವಳು ಬೇರೆಯೇ ಹೇಳಿದ್ದರೆ? ಇವೆರಡರಲ್ಲಿ ಯಾವುದು ನನ್ನನ್ನು ತಡೆಯಿತು ಎಂದು ಈಗಲೂ ಖಚಿತವಾಗಿ ಬರೆಯಲಾರೆ.

"ನಿನಗ ಪುಸ್ತಕ ದೊಡ್ಡದು, ಕೂಸು ಸಣ್ಣದು" ಎಂದರು ನೀಲಕ್ಕ.

ಆಮೇಲಿನ ಲೆಕ್ಕವನ್ನೂ ಇಲ್ಲೇ ಬರೆದುಬಿಡುತ್ತೇನೆ. ಬೀಗದೊಳಗೆ ತೆರೆಯದೆ ಉಳಿದ ಹೇಳಿಕೆಗಳು ಒಟ್ಟು ನಲವತ್ತೊಂದು. ಮುಂದಿನ ಒಂದು ವರ್ಷ ನಾನು ಊರೂರು ತಿರುಗಿ, ನಮ್ಮ ತಪ್ಪು ಹೇಳಿ, ಮತ್ತೊಮ್ಮೆ ಮಾತಾಡಿ ಎಂದು ಕೇಳಿಕೊಂಡೆ. ಇಪ್ಪತ್ತೊಂಬತ್ತು ಮಂದಿ ಮತ್ತೆ ಮಾತಾಡಿದರು. ಒಂಬತ್ತು ಮಂದಿ ಆಗುವುದಿಲ್ಲ ಎಂದರು. "ಒಮ್ಮೆ ಹೇಳಾಕ ನನಗ ಆರು ವರ್ಷ ಹಿಡದಿತ್ರಿ" ಎಂದಳು ಅವರಲ್ಲಿ ಒಬ್ಬಳು. ಇಬ್ಬರು ಸಿಗಲಿಲ್ಲ. ಉಳಿದವಳು ಮಾದೇವಿ. ಆ ತಿರುಗಾಟ ಮುಗಿದ ತಿಂಗಳು ರಾಜೀನಾಮೆ ಕೊಟ್ಟೆ. ಚೀಟಿಗಳು ಸಿಕ್ಕಿಲ್ಲ. ಮಾಸ್ತರರು ಇದ್ದಾರೆ.

ಏಪ್ರಿಲ್ ಎಂಟರಂದು ಈರಪ್ಪ ಬೆಳಿಗ್ಗೆ ಹತ್ತಕ್ಕೇ ಬಂದ. ಮಗಳಿಗೆಂದು ಹೊಸ ಚಪ್ಪಲಿ ತಂದಿದ್ದ. ಹುಡುಗಿಯ ಕಾಲಿಗೆ ಅವು ಹಿಡಿಯಲಿಲ್ಲ. ನಾಲ್ಕು ವರ್ಷದ ಹಿಂದಿನ ಕಾಲು ಅವನ ಕಣ್ಣಲ್ಲಿತ್ತು. "ಬದಲಿ ಮಾಡಿ ಕೊಡತಾನ, ಅಂಗಡಿಯಾಂವ ಗುರತಿನಾಂವ" ಎಂದು ಮತ್ತೆ ಕಾಗದದಲ್ಲಿ ಸುತ್ತಿದ.

ಇದ್ದದ್ದನ್ನು ಇದ್ದಂತೆ ನಾನೇ ಹೇಳಿದೆ. ಮಾದೇವಿ ಮಾತಾಡಿದ್ದಾಳೆ, ಅದು ಈ ಯಂತ್ರದಲ್ಲೇ ಇದೆ, ತೆರೆಯಲು ಮೂರು ಚೀಟಿ ಬೇಕು, ನಮ್ಮಲ್ಲಿ ಎರಡಿವೆ, ತಪ್ಪು ನಮ್ಮದು.

ಗಂಗವ್ವ ಮೊದಲು ನಂಬಲಿಲ್ಲ. ಎದ್ದು ಬಂದು ಕಂಪ್ಯೂಟರಿನ ಮೇಲೆ ಅಂಗೈ ಇಟ್ಟಳು. "ಇದರಾಗ ಐತಿ ಅಂತೀರಿ. ಆಕಿ ಕುಂತಾಳ ಇದರಾಗ. ಒಡೀರಿ ಮತ್ತ!"

"ಒಡದ್ರ ಬರೂದಿಲ್ಲ ಗಂಗವ್ವಾರ."

"ಹಂಗಾರ ನೀವು ಕಾದದ್ದರ ಏನು?"

ಈರಪ್ಪ ಕೇಳಿದ: "ನನ್ನ ಬಗ್ಗೆ ಏನರ ಅಂದಾಳೇನ್ರಿ? ಕೆಟ್ಟದ್ದ ಅಂದಿರ್ಲಿ, ಅಡ್ಡಿಯಿಲ್ಲ." ಗೊತ್ತಿಲ್ಲ ಎಂದೆ. ಅವನು ತಲೆಯಾಡಿಸಿ ಎದ್ದ. ಆಣೆ ಮಾಡಿದ್ದು ಅವಳ ಬಾಯಿಂದ ಬಂದ ಮಾತಿಗೆ. ಮಾತು ಬರಲಿಲ್ಲ, ಅವನು ಅಪ್ಪ. ಹುಡುಗಿ ಅಪ್ಪನ ಕಡೆ ಇರಲಿ ಎಂದು ಮೇಡಂ ಕಾಗದ ಬರೆದರು. ತಿಂಗಳಿಗೊಮ್ಮೆ ದೊಡವಾಡಕ್ಕೆ ಕಳಿಸಬೇಕು ಎಂದು ಸೇರಿಸಿದರು. ಗಂಗವ್ವ ಹೆಬ್ಬೆರಳು ಒತ್ತಲು ಒಪ್ಪಲಿಲ್ಲ, ಅವಳ ಬದಲು ಸಾಕ್ಷಿಯಾಗಿ ನಾನು ಸಹಿ ಹಾಕಿದೆ.

ಈರಪ್ಪ ಬಸ್ಸಿನ ಹೊತ್ತು ಕೇಳಿಕೊಂಡು ಬರಲು ಹೋದಾಗ ಸಂಗೀತಾ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಳು. ಚೀಲದಲ್ಲಿ ಪುಸ್ತಕಗಳಿದ್ದವು, ಎರಡು ಅಂಗಿ ಇದ್ದವು. ದೊಡ್ಡವರ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ನಮ್ಮವ್ವ ಒಳಗ ಎಷ್ಟೊತ್ತ ಮಾತಾಡಿದ್ಲು ಅಕ್ಕಾರ?"

ನನಗೆ ಗೊತ್ತಿದ್ದ ಉತ್ತರ ಅದೊಂದೇ. ಹೇಳಿದೆ.

"ಹನ್ನೊಂದು ನಿಮಿಷ? ನಡಬರಕ ನಿಲ್ಲದ?"

"ನಿಲ್ಲದ."

ಅವಳು ಅದನ್ನು ಲೆಕ್ಕ ಹಾಕುವವಳಂತೆ ಕಚೇರಿಯ ಬಾಗಿಲ ಕಡೆ ನೋಡಿದಳು.

"ಮನ್ಯಾಗ ಅವ್ವ ಮಾತ ಆಡತಿರಲಿಲ್ರಿ" ಎಂದಳು. "ನನ್ನ ಕೂಡನೂ ಅಷ್ಟ ಆಡಿದ್ದಿಲ್ಲ."

ಈರಪ್ಪ ರಸ್ತೆಯ ಆಚೆಯಿಂದ ಕೈ ಮಾಡಿದ. ಸಂಗೀತಾ ಚೀಲ ಎತ್ತಿಕೊಂಡಳು. ಸವದತ್ತಿಯ ಬಸ್ಸು ಮೂರು ಇಪ್ಪತ್ತಕ್ಕೆ ಬಿಟ್ಟಿತು.